ಹತ್ತೊಂಬತ್ತರ ಹುಡುಗ ಇಂದ್ರಲಾಲ್ ರಾಯ್: ಮಕ್ಕಳಿಗೆ ಎಲ್ಲಿಂದ ಶುರು ಮಾಡಿ ಹೇಳ್ಲಿ?

ಬೀದರ್ ಮಾಸ್ತರ

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಶಾಲೆ ಏರ್‌ಫೋರ್ಸ್ ಸ್ಟೇಷನ್ನಿಂದ ಭಾಳ ದೂರಿಲ್ಲ. ಮುಂಜಾನೆ ಹಾಕ್ ವಿಮಾನ ಮ್ಯಾಲೆದ್ದವು ಅಂದ್ರ ಪಾಠ ಬಂದ್. ನಂದು ಬೋರ್ಡ್ ಕಡಿ ಮಾರಿ, ಹುಡುಗರದು ಕಿಟಕಿ ಕಡಿ. ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡ ಪ್ರಾಕ್ಟೀಸ್ ಮಾಡೋ ದಿನ ಅಂತೂ ನಾನೂ ಹೊರಗ ಬಂದು ನಿಂತುಬಿಡ್ತೀನಿ, ಸುಳ್ಳ್ಯಾಕ ಹೇಳ್ಬೇಕು.

ಅಕ್ಟೋಬರ್ 8 ವಾಯುಪಡೆ ದಿನ. 1932ರಾಗ ಹುಟ್ಟಿದ ದಳ. ಹೆಡ್‌ಮಾಸ್ತರು ಈ ಸಲ ಇಪ್ಪತ್ತು ನಿಮಿಷ ನಂಗ ಕೊಟ್ಟಾರ. ವರ್ಷಾ ಅದೇ ಭಾಷಣ, ಅದೇ ಚಪ್ಪಾಳಿ. ಈ ಸಲ ಒಬ್ಬನ ಜೀವನ ಹೇಳ್ಬೇಕು ಅಂತ ಇಂದ್ರಲಾಲ್ ರಾಯ್ ಹಿಡ್ದೀನಿ. ಕಲ್ಕತ್ತದ ಹುಡುಗ, ಮೊದಲ ಮಹಾಯುದ್ಧದಾಗ ಬ್ರಿಟಿಷರ ದಳದ ಪೈಲಟ್. 1898ರ ಡಿಸೆಂಬರ್ 2ಕ್ಕ ಹುಟ್ಟಿ 1918ರ ಜುಲೈ 22ಕ್ಕ ಫ್ರಾನ್ಸಿನ ಆಕಾಶದಾಗ ತೀರಿಹೋದ. 13 ದಿನದಾಗ ಶತ್ರು ವಿಮಾನಗಳ ಮ್ಯಾಲ 10 ಗೆಲುವು. ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಬ್ರಿಟಿಷರ ಶೌರ್ಯ ಪದಕ) ಪಡೆದ ಮೊದಲ ಭಾರತೀಯ, ಅದೂ ಸತ್ತ ಮ್ಯಾಲ.

ನನ್ನ ತ್ರಾಸು ಏನಂದ್ರ, ಇಷ್ಟು ಹೇಳಿದ್ರ ಕ್ರಿಕೆಟ್ ಸ್ಕೋರ್ ಹೇಳ್ದಂಗ ಆಗ್ತದ. ಹುಡುಗರು 'ಹತ್ತು ವಿಕೆಟ್' ಅಂತಾರ, ಮುಗೀತು. ಎಲ್ಲಿಂದ ಶುರು ಮಾಡ್ಲಿ? ತಿಳಿದವರು ಹೇಳ್ರಿ.

ತೊಗರಿ ಕಣಜ

ಮೋಟರ್‌ಸೈಕಲ್‌ನಿಂದ ಶುರು ಮಾಡ್ರಿ ಸರ್! ಕಣ್ಣಿನ ಪರೀಕ್ಷಾದಾಗ ಫೇಲ್ ಮಾಡಿ ವಾಪಸ್ ಕಳಿಸಿದ್ರಂತಲ್ಲ. ಈ ಹುಡುಗ ತನ್ನ ಮೋಟರ್‌ಸೈಕಲ್ ಮಾರಿ, ಆ ರೊಕ್ಕ ತಗೊಂಡು ದೊಡ್ಡ ಕಣ್ಣಿನ ಡಾಕ್ಟರ್ ಹತ್ರ ಹೋಗಿ, 'ಕಣ್ಣು ಬರಾಬರ್ ಅವ' ಅಂತ ಬರೆಸ್ಕೊಂಡು ಬಂದು ಸೇರಿದ ಅಂತಾರ. ನಮ್ಮ ಹುಡುಗರು ಗಾಡಿ ಕೊಡಸ್ರಿ ಅಂತ ಮನ್ಯಾಗ ಊಟ ಬಿಡ್ತಾರ, ಇಂವ ಗಾಡಿ ಮಾರಿ ವಿಮಾನ ಹತ್ತಿದ.

ಭೀಮಾ ದಂಡಿ

ಯಾದಗಿರಿಯಿಂದ. ಒಂದು ಮಾತು ನೇರ ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ ಮಾಸ್ತರೇ. ಅಂವ ಸತ್ತಿದ್ದು ಯಾರ ಸಲುವಾಗಿ? ಇಂಗ್ಲಿಷರ ರಾಜನ ಸಲುವಾಗಿ. ಲಂಡನ್ನಿನಾಗ ಬೆಳೆದ ಬ್ಯಾರಿಸ್ಟರ್ ಮಗ. ಅದರಾಗ ನಮ್ಮ ಬೀದರ್ ಹುಡುಗರಿಗೆ ಏನು ಅದ? ಹೇಳೋದಿದ್ರ ನಮ್ಮವರ್ನ ಹೇಳ್ರಿ. ಕೊಡಗಿನ ಅಜ್ಜಮಾಡ ದೇವಯ್ಯ ಇಲ್ಲೇನು? 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮ್ಯಾಲ ದಾಳಿ. ಶಬ್ದದ ಎರಡು ಪಟ್ಟು ವೇಗದಾಗ ಓಡೋ ಅವರ ಸ್ಟಾರ್‌ಫೈಟರ್‌ನ ಈ ಹಳೇ ಮಿಸ್ಟೇರ್ ವಿಮಾನದಾಗ ಕುಂತು ಕೆಡವಿದಂವ. ಕನ್ನಡದ ಮಣ್ಣಿನಂವ.

ಕಲಬುರಗಿ ಅಕ್ಕೋರು

ಭೀಮಾ ದಂಡಿಯವರ ಪ್ರಶ್ನೆ ಸರಿಯಾದದ್ದೇ, ತಳ್ಳಿಹಾಕುವುದು ಬೇಡ. ಇತಿಹಾಸ ಪಾಠ ಮಾಡುವವಳಾಗಿ ಒಂದೆರಡು ಮಾತು.

1918ರ ಜುಲೈ ತಿಂಗಳನ್ನು ಇವತ್ತಿನ ಕಣ್ಣಿನಿಂದ ನೋಡಿದರೆ ಎಡವುತ್ತೇವೆ. ಇಂದ್ರಲಾಲ್ ಫ್ರಾನ್ಸಿನ ಮೇಲೆ ಹಾರುತ್ತಿದ್ದ ದಿನಗಳಲ್ಲೇ ಗಾಂಧೀಜಿ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗಿ ಸೈನ್ಯಕ್ಕೆ ಜನ ಸೇರಿ ಎಂದು ಕೇಳುತ್ತಿದ್ದರು. ಹೌದು, ಗಾಂಧೀಜಿಯೇ. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯ ಹತ್ತಿರವಾದೀತು ಎಂದು ನಂಬಿದವರು ಆಗ ಬಹಳ. ಆ ನಂಬಿಕೆ ಮರುವರ್ಷವೇ ಜಲಿಯನ್‌ವಾಲಾ ಬಾಗಿನಲ್ಲಿ ಏನಾಯಿತು ಎಂಬುದು ಬೇರೆ ಪಾಠ.

ಇನ್ನು 'ನಮಗೇನು ಸಂಬಂಧ' ಎಂಬ ಮಾತು. ಸಂಬಂಧ ನಮಗೆ ಇಷ್ಟವಾದರೂ ಆಗದಿದ್ದರೂ ಇದೆ. ಅದೇ 1918ರಲ್ಲಿ ರಾಯಲ್ ಏರ್‌ಫೋರ್ಸಿನ 110ನೇ ಸ್ಕ್ವಾಡ್ರನ್ ಫ್ರಾನ್ಸಿಗೆ ಹೋಯಿತು. ಅದರ ಹೆಸರಿನ ಜೊತೆಗೇ 'ಹೈದರಾಬಾದ್' ಅಂಟಿಕೊಂಡಿದೆ. ಕಾರಣ, ಅದರ ಡಿಎಚ್ 9ಎ ವಿಮಾನಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಣಿಕೆ. ಎರಡನೇ ಮಹಾಯುದ್ಧದಲ್ಲಿ 152 ಮತ್ತು 253ನೇ ಸ್ಕ್ವಾಡ್ರನ್ನುಗಳಿಗೂ ಹೈದರಾಬಾದಿನ ಹೆಸರು. 152ರ ಲಾಂಛನದಲ್ಲಿ ನಿಜಾಮರ ದಸ್ತಾರಿನ (ಪೇಟದ) ಚಿತ್ರವೇ ಇದೆ, ಕೆಳಗೆ 'ನಂಬಿಕಸ್ತ ಮಿತ್ರ' ಎಂಬರ್ಥದ ಬರಹ. ಆಗ ಗುಲ್ಬರ್ಗ, ಬೀದರ್, ಯಾದಗಿರಿ ಎಲ್ಲ ನಿಜಾಮರ ಸೀಮೆ. ಆ ರೊಕ್ಕ ಆಕಾಶದಿಂದ ಉದುರಿದ್ದಲ್ಲ.

ಹುಮನಾಬಾದ್ ನಾಕಾ

ಅಕ್ಕೋರೇ, ನಿಜಾಮರು ತಮ್ಮ ಸ್ವಂತದ ಜಮೀನಿನ, ಸರ್ಫ್-ಎ-ಖಾಸ್ ರೊಕ್ಕ ಕೊಟ್ಟಿರ್ಬಹುದಲ್ರಿ? ಎಲ್ಲಾ ಕಂದಾಯದ್ದೇ ಅಂತ ಯಾಕ ಅನ್ಬೇಕು?

ತೊಗರಿ ಕಣಜ

ಸರ್ಫ್-ಎ-ಖಾಸ್ ಹೊಲದಾಗ ನಿಜಾಮರು ಸ್ವತಾ ಕುಂಟಿ ಹೊಡಿತಿದ್ರೇನಪಾ? ಅಲ್ಲೂ ದುಡ್ದಾವ್ರು ನಮ್ಮ ನಿಮ್ಮ ಮುತ್ಯಾಗಳೇ.

ಹುಮನಾಬಾದ್ ನಾಕಾ

ಖರೇ ಅದ. ಸೋತೆ.

ನಮ್ಮ ಆಯಿ ವಿಮಾನಕ್ಕ 'ಇಮಾನ' ಅಂತಿದ್ಲು. 1948ರ ಪೊಲೀಸ್ ಆ್ಯಕ್ಷನ್ ಹೊತ್ತಿಗೆ ಇಮಾನ ಬಂದ್ವು ಅಂತ ದನದ ಗ್ವಾದಲಿ ಕೆಳಗ ಮಕ್ಕಳನ್ನ ಮಲಗಿಸಿದ್ದು ಹೇಳ್ತಿದ್ಲು. ಯಾರದು, ಯಾರ ಕಡಿದು, ಏನೂ ಗೊತ್ತಿದ್ದಿಲ್ಲ. ಸಪ್ಪಳ ಬಂದ್ರ ಗ್ವಾದಲಿ ಕೆಳಗ. ಮುಂದ ಬೀದರಿನಾಗ ನಮ್ಮ ಮನಿಗೆ ಬಂದಾಗೂ ಟ್ರೇನಿಂಗ್ ವಿಮಾನದ ಸಪ್ಪಳ ಕೇಳಿದ್ರ ಕೈಯಾಗಿನ ರೊಟ್ಟಿ ಹಂಗೇ ಹಿಡ್ಕೊಂಡು ಮ್ಯಾಲ ನೋಡೋಕಿ. ಮೊಮ್ಮಕ್ಕಳು ನಗ್ತಿದ್ವಿ. ಈಗ ನಗು ಬರಲ್ಲ.

ಕಲಬುರಗಿ ಅಕ್ಕೋರು

ಮಾಸ್ತರೇ, ನೀವು ಕೇಳಿದ್ದು ಎಲ್ಲಿಂದ ಶುರು ಮಾಡಲಿ ಎಂದು. ನನ್ನನ್ನು ಕೇಳಿದರೆ ಅವನ ತಾಯಿಯಿಂದ.

ಲಲಿತಾ ರಾಯ್. ಗಂಡ ಪಿಯರಿಲಾಲ್ ರಾಯ್ ಕಲ್ಕತ್ತದಲ್ಲಿ ಬ್ಯಾರಿಸ್ಟರ್. 1901ರ ಸುಮಾರಿಗೆ ಈಕೆ ಆರು ಮಕ್ಕಳನ್ನು ಕರೆದುಕೊಂಡು ಲಂಡನ್ನಿಗೆ ಬಂದು ನಿಂತಳು. ಮೂರು ಹೆಣ್ಣು, ಮೂರು ಗಂಡು. ಮಕ್ಕಳ ಓದು ನೋಡಿಕೊಂಡು ಸುಮ್ಮನೆ ಕೂತವಳಲ್ಲ. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಲಂಡನ್ನಿನಲ್ಲಿ ನಡೆದ ಚಳವಳಿಯಲ್ಲಿ ಸೇರಿದಳು. 1911ರ ಜೂನ್ 17ರಂದು ನಡೆದ ದೊಡ್ಡ ಮೆರವಣಿಗೆಗೆ ಭಾರತದ ಹೆಂಗಸರ ತಂಡ ಕೂಡಿಸಿದವರಲ್ಲಿ ಈಕೆ ಒಬ್ಬಳು. ಸೀರೆಯುಟ್ಟು ಬೀದಿಯಲ್ಲಿ ನಿಂತ ಆ ಹೆಂಗಸರ ಫೋಟೋ ಇವತ್ತಿಗೂ ಸಿಗುತ್ತದೆ. ಆಗ ಇಂದ್ರಲಾಲ್‌ಗೆ ಹನ್ನೆರಡು ವರ್ಷ. ನಿಮ್ಮ ಏಳನೇ ಇಯತ್ತೆ ಹುಡುಗರ ವಯಸ್ಸು. ಮನೆಯಲ್ಲಿ ಅವನ ಅಡ್ಡಹೆಸರು 'ಲ್ಯಾಡಿ', ನಾವು 'ಪುಟ್ಯಾ' ಅಂದ ಹಾಗೆ.

ಯುದ್ಧ ಬಂದ ಮೇಲೆ ಭಾರತೀಯ ಸಿಪಾಯಿಗಳಿಗೆ ನೆರವು ಕೂಡಿಸುವ ಕೆಲಸಕ್ಕೂ ಇಳಿದಳು. ಹಿರಿಯ ಮಗ ಪರೇಶ್‌ಲಾಲ್ ಕಾಲಾಳು ದಳದಲ್ಲಿ. ಅವನು ಬದುಕಿ ಬಂದು ಮುಂದೆ ಕಲ್ಕತ್ತದಲ್ಲಿ ಬಾಕ್ಸಿಂಗ್ ಬೆಳೆಸಿದ. ಭಾರತದ ಬಾಕ್ಸಿಂಗ್ ಪಿತಾಮಹ ಅನ್ನುತ್ತಾರಲ್ಲ, ಅವನೇ. ಇಂದ್ರಲಾಲ್ ಸೇಂಟ್ ಪಾಲ್ಸ್ ಶಾಲೆ ಮುಗಿಸಿ 1917ರಲ್ಲಿ ಬ್ರಿಟಿಷ್ ಸೈನ್ಯದ ವಿಮಾನ ದಳವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ.

ಈಗ ತಾರೀಖು ನೋಡಿರಿ. 1918ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಮೂವತ್ತು ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ ಮತ ಬಂತು. ಅದೇ ಜುಲೈಯಲ್ಲಿ ಮಗ ಹೋದ. ಡಿಸೆಂಬರಿನಲ್ಲಿ ಹೆಂಗಸರು ಮೊದಲ ಸಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದರು. ಒಂದೇ ವರ್ಷದ ಒಳಗೆ ಆ ಮನೆ ಇಷ್ಟೆಲ್ಲ ನೋಡಿತು. ಹತ್ತು ವಿಮಾನದ ಲೆಕ್ಕಕ್ಕಿಂತ ನನಗೆ ಇದು ಹೆಚ್ಚು ಕಾಡುತ್ತದೆ. ವಾದಕ್ಕೆ ಬರುವವರು ಬನ್ನಿ.

ಭೀಮಾ ದಂಡಿ

ವಾದಕ್ಕ ಬರಲ್ಲ ಅಕ್ಕೋರೇ. ಅವರವ್ವನ ಬಗ್ಗೆ ನಂಗ ಗೊತ್ತಿದ್ದಿಲ್ಲ. ಆದ್ರ ದೇವಯ್ಯನ್ನ ಬಿಡಬ್ಯಾಡ್ರಿ ಅಂತ ಮತ್ತ ಹೇಳ್ತೀನಿ.

ರಿಟೈರ್ಡ್ ಫಿಟ್ಟರ್

ನಾನು ಭಾಲ್ಕಿ ಕಡಿಯಂವ. ನಂಗ ಈಗ 74. 1969ರಾಗ ಏರ್‌ಫೋರ್ಸ್ ಸೇರಿ ಏರ್‌ಫ್ರೇಮ್ ಫಿಟ್ಟರ್ ಆದಂವ. ಮೊಮ್ಮಗಳು ಟೈಪ್ ಮಾಡಿಕೊಡ್ಲಿಕತ್ತಾಳ, ತಪ್ಪಿದ್ರ ಅಕಿದು.

ಮೊದಲು ವಿಮಾನದ ಮಾತು. ಇಂದ್ರಲಾಲ್ ಹಾರಿಸಿದ್ದು ಎಸ್‌ಇ5ಎ. ಕಟ್ಟಿಗಿ ಚೌಕಟ್ಟು, ಮ್ಯಾಲ ಬಟ್ಟಿ. 200 ಅಶ್ವಶಕ್ತಿ ಎಂಜಿನ್. ಮೂಗಿನ ಮ್ಯಾಲ ಒಂದು ವಿಕರ್ಸ್ ಗನ್ನು, ಮ್ಯಾಲಿನ ರೆಕ್ಕಿ ಮ್ಯಾಲ ಒಂದು ಲೂಯಿಸ್ ಗನ್ನು. ಆ ಲೂಯಿಸ್ ಗನ್ನಿನ ಡ್ರಮ್ ಖಾಲಿ ಆಯ್ತಂದ್ರ, ಒಂದು ಕೈಲೆ ವಿಮಾನ ಹಿಡ್ದು ಇನ್ನೊಂದು ಕೈಲೆ ಡ್ರಮ್ ಬದಲು ಮಾಡ್ಬೇಕು, ಎದುರಿನ ಗಾಳ್ಯಾಗ. ಹುಡುಗರಿಗೆ ಇದನ್ನ ಮಾಡಿ ತೋರಿಸ್ರಿ: ಸೈಕಲ್ ಮ್ಯಾಲ ಹೊಂಟಾಗ ತಲಿ ಮ್ಯಾಲಿನ ಬುಟ್ಟಿ ಬದಲು ಮಾಡ್ದಂಗ. ಮತ್ತ ಪ್ಯಾರಾಚೂಟ್ ಇಲ್ಲ. ಆ ಯುದ್ಧ ಮುಗಿಯೋತನಕ ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಟ್ಟಿಲ್ಲ. ಜರ್ಮನ್ನರು ಕಡೀ ವರ್ಷ ಕೊಡ್ಲಿಕ್ಕೆ ಶುರು ಮಾಡಿದ್ರು. ಬೆಂಕಿ ಹತ್ತಿದ್ರ ಇಳಿಯೋ ದಾರಿನೇ ಇಲ್ಲ.

ಬಟ್ಟಿ ಅಂದ್ರ ಬರೇ ಬಟ್ಟಿ ಅಲ್ಲ. ಲಿನನ್ ಬಟ್ಟಿ ಬಿಗಿದು ಮ್ಯಾಲ 'ಡೋಪ್' ಅಂತ ಬಳಿತಿದ್ರು. ಅದು ಒಣಗಿದಂಗ ಬಟ್ಟಿ ಜಗ್ಗಿ ಹಲಗಿ ಆಗ್ತದ. ನಿಮ್ಮ ಶಾಲ್ಯಾಗ ಡೋಪ್ ಎಲ್ಲಿಂದ ತರ್ತೀರಿ? ಹಳೇ ಧೋತ್ರ ತಗೋರಿ, ಕಟ್ಟಿಗಿ ಚೌಕಟ್ಟಿಗಿ ಬಿಗೀರಿ, ಅನ್ನದ ಗಂಜಿ ಎರಡು ಸಲ ಬಳೀರಿ, ಬಿಸಿಲಿಗಿಡ್ರಿ. ಬೆರಳಿಲೆ ಬಡಿದ್ರ ಸಪ್ಪಳ ಬರ್ತದ. ಹತ್ತೊಂಬತ್ತರ ಹುಡುಗಗ ಗುಂಡಿಗೂ ಮೈಗೂ ನಡುವ ಹೆಚ್ಚುಕಮ್ಮಿ ಇಷ್ಟೇ ಇತ್ತು ಅಂತ ಹೇಳ್ರಿ.

ಈಗ ಇನ್ನೊಂದು. ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಕುಂತೆ.

1971ರ ಡಿಸೆಂಬರ್. ಯಾವ ಸ್ಟೇಷನ್, ಯಾವ ವಿಮಾನ ಅಂತ ಹೇಳಲ್ಲ. ಪೈಲಟ್ ಬಂದ್ರ ನಮ್ಮ ಕೆಲಸ ಏನಂದ್ರ, ಅವರು ವಿಮಾನದ ಸುತ್ತ ಒಂದು ಸುತ್ತು ಹಾಕಿ ಫಾರ್ಮ್ 700ಕ್ಕ ಸಹಿ ಮಾಡ್ತಾರ. ವಿಮಾನ ಸರಿ ಅದ ಅಂತ ನಾವು ಸಹಿ ಮಾಡಿರ್ತೀವಿ, ಒಪ್ಪಿ ತಗೊಂಡೆ ಅಂತ ಅವರು ಮಾಡ್ತಾರ. ಆಮ್ಯಾಗ ಏಣಿ ಹತ್ತಿಸಿ, ಪಟ್ಟಾ ಬಿಗಿದು, ಸೀಟಿನ ಸೇಫ್ಟಿ ಪಿನ್ ತಗೆದು ಅವರ ಕಣ್ಣಿಗಿ ಹಿಡ್ದು ತೋರಿಸ್ಬೇಕು. ಅವರು ಎಣಿಸಿ ತಲಿ ಅಲ್ಲಾಡಿಸ್ಬೇಕು. ಆಮ್ಯಾಗ ಏಣಿ ತಗೀಬೇಕು, ಗಾಲಿಗೆ ಅಡ್ಡ ಇಟ್ಟ ಚಾಕ್ ಎಳೀಬೇಕು. ಅವತ್ತು ಅವರ ಹತ್ರ ಪೆನ್ ಇದ್ದಿಲ್ಲ. ನನ್ನದು ಇಸ್ಕೊಂಡು ಸಹಿ ಮಾಡಿ ವಾಪಸ್ ಕೊಟ್ರು. ನಂಗ ಇಪ್ಪತ್ತು, ಅವರಿಗೆ ಇಪ್ಪತ್ತೈದು ಇರ್ಬೇಕು.

ನಾಲ್ಕು ಹೋದ್ವು, ಮೂರು ಬಂದ್ವು. ಚಾಕ್ ಕೈಯಾಗ ಹಿಡ್ಕೊಂಡು ಎಷ್ಟೊತ್ತು ನಿಂತೆ ಗೊತ್ತಿಲ್ಲ. ಎಣ್ಣಿ ಎಷ್ಟು ಹಾಕಿದ್ವಿ ನಮಗ ಗೊತ್ತಿರ್ತದಲ್ಲ. ಅಷ್ಟು ಎಣ್ಣಿ ತೀರೋ ಹೊತ್ತು ಮೀರಿದ ಮ್ಯಾಲ ನಿಂತು ಉಪಯೋಗಿಲ್ಲ, ಆದ್ರೂ ನಿಲ್ತೀವಿ. ಫಾರ್ಮ್ 700 ಸೀಲ್ ಮಾಡಿ ಒಯ್ದ್ರು. ಪೆನ್ನಿನ ಇಂಕ್ ಕೆಲವು ತಿಂಗಳಿಗೆ ಮುಗೀತು, ಒಗೆದೆ.

ಯಾರರೆ ಹಿಂಗ ಹೋದ್ರ ಅವರ ಸಾಮಾನು ಪಟ್ಟಿ ಮಾಡ್ಲಿಕ್ಕೆ ಒಂದು ಸಮಿತಿ ಕೂಡಿಸ್ತಾರ. 'ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್' ಅಂತಾರ. ಪೆಟ್ಟಿಗಿ ಹೊತ್ತು ತರ್ಲಿಕ್ಕೆ ನನ್ನ ಕರೆದಿದ್ರು. ಶರ್ಟ್ ಇಷ್ಟು, ಬೂಟು ಇಷ್ಟು, ಶೇವಿಂಗ್ ಸೆಟ್ ಒಂದು, ಅರ್ಧಾ ಖರ್ಚಾದ ಹಲ್ಲಿನ ಪೇಸ್ಟ್ ಒಂದು. ಎಲ್ಲಾ ಬರೀತಾರ. ಅವರಪ್ಪ ಬಂದಿದ್ರು, ಉತ್ತರದ ಕಡಿ ರೈತ. ಸಾಹೇಬರಿಗೆ ಏನೂ ಕೇಳ್ಲಿಲ್ಲ. ನಾನು ಪೆಟ್ಟಿಗಿ ಜೀಪಿಗಿ ಇಡಾಗ ಹತ್ರ ಬಂದು ಹಿಂದಿ ಭಾಷಾದಾಗ ಕೇಳಿದ್ರು, "ಅವತ್ತು ಮುಂಜಾನೆ ಏನರೆ ತಿಂದಿದ್ನೇನು?"

ನಂಗೇನು ಗೊತ್ತು, ಅವರ ಮೆಸ್ ಬ್ಯಾರೆ, ನಮ್ಮದು ಬ್ಯಾರೆ. "ಹೌದ್ರಿ, ಹೊಟ್ಟಿ ತುಂಬ ತಿಂದಿದ್ರು" ಅಂದೆ.

ತೊಗರಿ ಕಣಜ

ಕಾಕಾ...

ಹುಮನಾಬಾದ್ ನಾಕಾ

ನೀವು ಹೇಳಿದ್ದು ಬರಾಬರ್ ಹೇಳೀರಿ ಕಾಕಾ. ಆ ಸುಳ್ಳಿಗೆ ಪಾಪ ಇಲ್ಲ.

ಭೀಮಾ ದಂಡಿ

ಕಾಕಾ, ಶರಣು. ದೇವಯ್ಯನ ಕಥಿ ನಾನು ಗನ್ನು-ವಿಮಾನ ಅಂತ ಹೇಳ್ಲಿಕ್ಕೆ ಹೊಂಟಿದ್ದೆ. ನಿಮ್ಮ ಮಾತು ಓದಿದ ಮ್ಯಾಲ ಬ್ಯಾರೆ ಭಾಗ ನೆನಪಾಯ್ತು. ಅವರ ಜೊತಿ ಹೋದವರಿಗೆ ಆ ಹೊಡೆದಾಟ ನಡೆದದ್ದೇ ಗೊತ್ತಾಗಲಿಲ್ಲ. ವಾಪಸ್ ಬರಲಿಲ್ಲ ಅಂತ ಅಷ್ಟೇ. ಹೆಂಡತಿ ಸುಂದರಿಯವರಿಗೆ ಬಂದ ಸುದ್ದಿ 'ಕಾಣೆಯಾಗ್ಯಾರ' ಅಂತ. ಮನ್ಯಾಗ ಸಣ್ಣ ಹೆಣ್ಣುಮಕ್ಕಳು. ಸ್ಟಾರ್‌ಫೈಟರ್ ಕೆಡವಿದ್ದು ಹೊರಗ ಬಂದದ್ದು ಎಷ್ಟೋ ವರ್ಷದ ಮ್ಯಾಲ, ಅದೂ ಪಾಕಿಸ್ತಾನದ ಕಡಿ ಹೇಳಿಕೆ ಇಟ್ಕೊಂಡು ಒಬ್ಬ ಇಂಗ್ಲಿಷ್ ಲೇಖಕ ಬರೆದಾಗ. ಮಹಾವೀರ ಚಕ್ರ ಬಂದದ್ದು 1988ಕ್ಕ. ಇಪ್ಪತ್ಮೂರು ವರ್ಷ! ವಾಯುಪಡೆಯಾಗ ಸತ್ತ ಮ್ಯಾಲ ಆ ಪದಕ ಬಂದದ್ದು ಅವರೊಬ್ಬರಿಗೇ ಅಂತಾರ.

'ಕಾಣೆ' ಅನ್ನೋ ಶಬ್ದ ಸಾವಿಗಿಂತ ಕೆಟ್ಟದ್ದು. ಸಾವು ಅಂದ್ರ ಒಂದಿನ ಅತ್ತು ಮಣ್ಣು ಕೊಟ್ಟು ಬರ್ತೀವಿ. ಕಾಣೆ ಅಂದ್ರ ಬಾಗಿಲಿಗೆ ಅಗಳಿ ಹಾಕ್ಲಿಕ್ಕೂ ಮನಸ್ಸು ಬರಲ್ಲ.

ಕಲಬುರಗಿ ಅಕ್ಕೋರು

ಪರಮವೀರ ಚಕ್ರದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರದೂ ಹೀಗೇ. 1971ರ ಡಿಸೆಂಬರ್ 14, ಶ್ರೀನಗರ. ಒಂದು ನ್ಯಾಟ್ ವಿಮಾನ, ಎದುರಿಗೆ ಪಾಕಿಸ್ತಾನದ ಆರು ಸೇಬರ್. ಮದುವೆಯಾಗಿ ತಿಂಗಳುಗಳಷ್ಟೇ ಆಗಿದ್ದವು. ಶರೀರ ಸಿಗಲೇ ಇಲ್ಲ.

ಇಂದ್ರಲಾಲ್ ವಿಷಯದಲ್ಲಿ ಆ ಮಟ್ಟಿಗೆ ಗೋರಿಯಾದರೂ ಇದೆ. ಕಾರ್ವಿನ್ ಊರಿನ ಮೇಲೆ ಜರ್ಮನ್ನರ ಫೋಕರ್ ವಿಮಾನಗಳ ಜೊತೆ ಕಾದಾಡುತ್ತ ಬಿದ್ದ. ಎಸ್ತೆವೆಲ್ ಎಂಬ ಸಣ್ಣ ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಫ್ರಾನ್ಸಿನ ಆ ಹಳ್ಳಿಯಲ್ಲಿ ಗೋರಿಯ ಮೇಲೆ ಬಂಗಾಳಿ ಅಕ್ಷರ ಇದೆ.

ಇನ್ನೊಂದು, ಮಕ್ಕಳು ಬಾಯಿ ಬಿಟ್ಟು ಕೇಳುವ ಸಂಗತಿ. ಅವನು ಅದಕ್ಕೂ ಮೊದಲೇ ಒಮ್ಮೆ 'ಸತ್ತಿದ್ದ'. 1917ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ಪ್ರಜ್ಞೆ ತಪ್ಪಿದವನನ್ನು ಸತ್ತನೆಂದು ಹೆಣಗಳ ಜೊತೆ ಮಲಗಿಸಿ ಬಾಗಿಲು ಹಾಕಿದ್ದರಂತೆ. ಎಚ್ಚರವಾಗಿ ಒಳಗಿನಿಂದ ಬಾಗಿಲು ಬಡಿದ. ಹೊರಗಿದ್ದವನ ಗತಿ ಏನಾಗಿರಬೇಕು! ಆಮೇಲೆ ಹಾರಲು ಅನರ್ಹ ಎಂದು ಕೂರಿಸಿದರು. ಆ ಬಿಡುವಿನಲ್ಲಿ ಕೂತು ವಿಮಾನಗಳ ಚಿತ್ರ ಬರೆದ, ಅವು ಉಳಿದಿವೆ. ಬೆನ್ನು ಹತ್ತಿ ಮತ್ತೆ ಅನುಮತಿ ಪಡೆದು ಜೂನಿನಲ್ಲಿ 40ನೇ ಸ್ಕ್ವಾಡ್ರನ್ ಸೇರಿದ. ಅಲ್ಲಿ ಐರಿಷ್ ಕ್ಯಾಪ್ಟನ್ ಜಾರ್ಜ್ ಮೆಕೆಲ್ರಾಯ್ ಅವನನ್ನು ತಿದ್ದಿದ. ಶಿಷ್ಯ ಹೋದ ಒಂಬತ್ತು ದಿನಕ್ಕೆ ಆ ಗುರುವೂ ಹೋದ, ಜುಲೈ 31ಕ್ಕೆ.

ಇಂದ್ರಲಾಲ್ ಅವರ ಬಂಧುಬಳಗದ ಸುಬ್ರೊತೊ ಮುಖರ್ಜಿ ಮುಂದೆ ಸ್ವತಂತ್ರ ಭಾರತದ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು, 1954ರಲ್ಲಿ. ಭೀಮಾ ದಂಡಿಯವರೇ, ನಿಮ್ಮ ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ.

ಬೀದರ್ ಮಾಸ್ತರ

ಕಾರ್ಯಕ್ರಮ ಆಯ್ತು. ವರದಿ ಒಪ್ಪಿಸ್ತೀನಿ.

ಕಾಕಾ ಹೇಳ್ದಂಗ ಧೋತ್ರ ಬಿಗಿದಿದ್ದೆ. ಧೋತ್ರ ನಮ್ಮಪ್ಪಂದು, ಹೇಳದೇ ತಗೊಂಡು ಹೋಗಿದ್ದೆ. ಎರಡು ದಿನ ಮೋಡ ಇತ್ತು, ಗಂಜಿ ಒಣಗ್ಲಿಲ್ಲ, ವಾಸನಿ ಹೊಡೀತು. ಮೂರನೇ ದಿನ ಬಿಸಿಲು ಬಿದ್ದು ಒಣಗಿತು. ಹುಡುಗರು ಸಾಲಾಗಿ ಬಂದು ಬಡಿದು ನೋಡಿದ್ರು. ಎಂಟನೇ ಇಯತ್ತೆ ಒಬ್ಬಂವ ಜೋರಾಗಿ ಬೆರಳು ಒತ್ತಿದ, ಫಟ್ ಅಂತ ಹರೀತು. ಇಡೀ ವರ್ಗ ಸುಮ್ಕಾತು. ನಾನು ಹೇಳೋ ಮಾತು ಅಂವನ ಬೆರಳೇ ಹೇಳಿತು, ಅದಕ್ಕ ನಾ ಏನೂ ಅನ್ಲಿಲ್ಲ. ಮನ್ಯಾಗ ಅಪ್ಪ ಅಂದದ್ದು ಇಲ್ಲಿ ಬರೆಯೋಹಂಗಿಲ್ಲ.

ಅವರವ್ವನಿಂದಲೇ ಶುರು ಮಾಡಿದೆ ಅಕ್ಕೋರೇ. ಹತ್ತು ಗೆಲುವಿನ ಲೆಕ್ಕ ಕಡೀಗಿ ಒಂದೇ ವಾಕ್ಯದಾಗ ಹೇಳ್ದೆ. ದೇವಯ್ಯ, ಸೆಖೋನ್ ಇಬ್ಬರನ್ನೂ ಬಿಡ್ಲಿಲ್ಲ. ನಿಜಾಮರ ವಿಮಾನದ ಮಾತು ಹೇಳಿದಾಗ ಸಹಶಿಕ್ಷಕರೊಬ್ಬರು ಮುಖ ಗಂಟು ಹಾಕಿದ್ರು, ಅದೂ ಆಯ್ತು.

ಪ್ರಶ್ನೆ ಕೇಳ್ರಿ ಅಂದೆ. ಹುಡುಗರದು ಒಂದೇ ಹಾಡು, ಮೋಟರ್‌ಸೈಕಲ್ ಯಾವ ಕಂಪನಿದು, ಎಷ್ಟಕ್ಕ ಮಾರಿದ, ಮನ್ಯಾಗ ಬೈದಿಲ್ಲೇನು. ಹಿಂದಿನ ಬೆಂಚಿನ ಹುಡುಗಿ ಒಬ್ಬಳು, ವರ್ಷದಾಗ ಎರಡು ಸಲ ಬಾಯಿ ಬಿಡೋಕಿ, ಎದ್ದು ನಿಂತು ಕೇಳಿದ್ಲು: "ಸರ್, ಅವರವ್ವಗ ಸುದ್ದಿ ಹೆಂಗ ಮುಟ್ಟಿಸ್ತಿದ್ರು?" ಅಕಿ ಅಪ್ಪ ಗಲ್ಫ್‌ನಾಗ ಡ್ರೈವರ್. ಕಾಕಾ, ಇದಕ್ಕ ನೀವೇ ಹೇಳ್ಬೇಕು.

ರಿಟೈರ್ಡ್ ಫಿಟ್ಟರ್

ಆ ಕಾಲಕ್ಕ ಆಫೀಸರ್ ಮನಿಗೆ ತಾರು. ತಾರಿನ ಹುಡುಗ ಸೈಕಲ್ ಮ್ಯಾಲ ಬರ್ತಿದ್ದ. ಓಣ್ಯಾಗ ಅಂವ ಕಂಡ್ರ ಹೆಂಗಸರು ಪರದಿ ಸರಿಸಿ, ಯಾರ ಮನಿ ಮುಂದ ಇಳೀತಾನ ಅಂತ ನೋಡ್ತಿದ್ರಂತ. 71ರಾಗ ನಮ್ಮ ಕಡಿನೂ ತಾರೇ. ನಮ್ಮೂರಾಗ ತಾರು ಬಂತಂದ್ರ ಮೊದಲು ಅಳ್ತಿದ್ರು, ಆಮ್ಯಾಗ ಓದಸ್ತಿದ್ರು. ನಂಗ ನೌಕರಿ ಕಾಯಂ ಆದ ಸುದ್ದಿ ನಾ ತಾರು ಮಾಡಿ ಕಳಿಸಿದಾಗ ನಮ್ಮವ್ವ ಬಾವಿ ಕಟ್ಟಿ ಮ್ಯಾಲೇ ಬಿದ್ದು ಉರುಳಾಡಿದ್ಲು. ಮಾಸ್ತರ್ ಬಂದು ಓದಿ ಹೇಳೋತನಕ ಊರೆಲ್ಲ ಕೂಡಿತ್ತು. ಮುಂದ ನಾ ತಾರು ಮಾಡೋದೇ ಬಿಟ್ಟೆ, ಎಲ್ಲಾ ಕಾರ್ಡ್.

ಈಗ ಹಂಗಿಲ್ಲ. ಯೂನಿಫಾರಂ ಹಾಕಿದವರು ಮನಿಗೇ ಬರ್ತಾರ, ಜೊತಿಗೆ ಒಬ್ಬರು ಹೆಣ್ಮಗಳು. ಆ ಹುಡುಗಿಗಿ ಇಷ್ಟು ಹೇಳ್ರಿ.

ಬೀದರ್ ಮಾಸ್ತರ

ನಾ ಹೇಳಲ್ಲ ಕಾಕಾ. ಶನಿವಾರ ಅರ್ಧಾ ದಿನ ಶಾಲಿ. ನೀವೇ ಬಂದು ಅಕಿಗಿ ಹೇಳ್ರಿ. ಊಟ ನಮ್ಮನ್ಯಾಗ.

ರಿಟೈರ್ಡ್ ಫಿಟ್ಟರ್

ಭಾಲ್ಕಿಯಿಂದ ಎಂಟರ ಬಸ್ಸಿಗಿ ಕುಂದುರ್ತೀನಿ. ಧೋತ್ರ ಒಂದು ನಾ ತರ್ತೀನಿ, ನಿಮ್ಮಪ್ಪನವರಿಗೆ ಹೇಳ್ರಿ.